ವಾಸಣ್ಣನ ಮೊಣಕಾಲು ಮತ್ತು ಏಳನೇ ಟೇಬಲ್

ಹೋದ ತಿಂಗಳು ಫ್ಯಾನು ಒರೆಸಲು ಹತ್ತಿದ ಸ್ಟೂಲಿನಿಂದ ಇಳಿಯುವಾಗ ನನ್ನ ಬಲಗಾಲು ನೆಲ ಮುಟ್ಟಿತು, ಎಡಗಾಲು ಮಾತ್ರ ಇನ್ನೂ ಯೋಚನೆ ಮಾಡುತ್ತಿತ್ತು. ಅದರ ಫಲವಾಗಿ ಮೊಣಕಾಲಿಗೆ ಪಟ್ಟಿ ಸುತ್ತಿಕೊಂಡು ಟಿ. ನಗರದ ನಮ್ಮ ಮನೆಯ ಜಗಲಿಯಲ್ಲಿ ಕೆಲವು ದಿನ ಕೂರಬೇಕಾಯಿತು. "ನೆಲ ಉಂಟೋ ಇಲ್ವೋ ಅಂತ ಅದರಲ್ಲೂ ಸಂಶಯವಾ ನಿಮಗೆ?" ಎಂದು ಹೆಂಡತಿ ಕೇಳಿದಳು. ತತ್ತ್ವಶಾಸ್ತ್ರದಲ್ಲಿ ಎಂ.ಎ. ಮಾಡಿದ ಗಂಡನ ಮೇಲೆ ಅವಳಿಗಿರುವ ಗೌರವ ಅಷ್ಟು.

ಡಾಕ್ಟರು ಸುತ್ತಿದ್ದ ಪಟ್ಟಿ ಮರುದಿನವೇ ಸಡಿಲವಾಗಿ ಜಾರಿತು. ನಾನೇ ಬಿಚ್ಚಿ ಮತ್ತೆ ಸುತ್ತತೊಡಗಿದೆ. ಮೊದಲು ಮಂಡಿಯ ಕೆಳಗೆ ಎರಡು ಸುತ್ತು, ಆಮೇಲೆ ಓರೆಯಾಗಿ ಮೇಲಕ್ಕೆ, ಹಿಂದಿನಿಂದ ಬಳಸಿ ಮತ್ತೆ ಓರೆಯಾಗಿ ಕೆಳಕ್ಕೆ. ಚಿಪ್ಪನ್ನು ಮಾತ್ರ ಮುಚ್ಚಬಾರದು, ಅದಕ್ಕೆ ಕಿಟಕಿ ಬಿಡಬೇಕು. ಕೈ ತನ್ನಷ್ಟಕ್ಕೆ ಈ ಕೆಲಸ ಮಾಡುತ್ತಿದ್ದುದನ್ನು ನೋಡಿ ನನಗೇ ಆಶ್ಚರ್ಯವಾಯಿತು. ನನ್ನ ತಲೆಯ ನೆನಪನ್ನು ನಾನು ಯಾವತ್ತೂ ನಂಬಿದವನಲ್ಲ. ಕೈಯ ನೆನಪು ಬೇರೆಯೇ ಜಾತಿಯದು ಅಂತ ಕಾಣುತ್ತದೆ. ಬೇರೆ ಮನೆಗಳಲ್ಲಿ ಮಕ್ಕಳು ಹೂ ಕಟ್ಟಲು ಕಲಿಯುವ ಹಾಗೆ ನಮ್ಮ ದೊಡ್ಡಪ್ಪನ ಮನೆಯಲ್ಲಿ ಎಲ್ಲರೂ ಮೊಣಕಾಲಿಗೆ ಪಟ್ಟಿ ಸುತ್ತಲು ಕಲಿತಿದ್ದರು. ಏಕೆಂದರೆ ಆ ಮನೆಯಲ್ಲಿ ವಾಸಣ್ಣ ಇದ್ದ.

ವಾಸಣ್ಣ ದೊಡ್ಡಪ್ಪನ ಒಬ್ಬನೇ ಮಗ. ದೊಡ್ಡಪ್ಪ ಉಡುಪಿಯ ಕಡೆಯಿಂದ ಬಂದು ಪ್ಯಾರೀಸ್ ಕಾರ್ನರ್ ಹತ್ತಿರದ ಒಂದು ಬೀದಿಯಲ್ಲಿ ಹೋಟೆಲು ಇಟ್ಟಿದ್ದರು. ವಾಸಣ್ಣ ಹುಟ್ಟಿದ್ದು ಆ ಹೋಟೆಲಿನ ಮಹಡಿಯಲ್ಲೇ. ಇಡ್ಲಿ ಹಿಟ್ಟಿನ ವಾಸನೆಯ ನಡುವೆ ಬೆಳೆದ ಹುಡುಗನಿಗೆ ಹಾಕಿಯ ಹುಚ್ಚು ಎಲ್ಲಿಂದ ಅಂಟಿತೋ ತಿಳಿಯದು. ಇಪ್ಪತ್ತರ ಹೊತ್ತಿಗೆ ಅವನು ಮದರಾಸಿನ ಒಳ್ಳೆಯ ಫುಲ್ ಬ್ಯಾಕ್‌ಗಳಲ್ಲಿ ಒಬ್ಬ. ಬೊಂಬಾಯಿಯ ಒಂದು ದೊಡ್ಡ ತಂಡದವರು ನೌಕರಿ ಕೊಟ್ಟು ಕರೆದುಕೊಂಡು ಹೋದರು. ಗೋಲಿನ ಮುಂದೆ ನಿಂತು ಎದುರಾಳಿಯನ್ನು ತಡೆಯುವುದಷ್ಟೇ ಅವನ ಕೆಲಸ. ಆ ಕೆಲಸವನ್ನು ಅವನು ಮೈಯೆಲ್ಲ ಕೊಟ್ಟು ಮಾಡಿದ. ಮೊದಲ ವರ್ಷ ಕೊರಳ ಮೂಳೆ ಕೊಟ್ಟ, ಆಮೇಲೆ ಬೆರಳು, ಆಮೇಲೆ ಬಲ ಮೊಣಕಾಲು, ಅದು ಸರಿಹೋಗುವಷ್ಟರಲ್ಲಿ ಮತ್ತೆ ಅದೇ ಮೊಣಕಾಲು.

ಈಗಿನ ಓದುಗರಿಗೆ ಒಂದು ಮಾತು ಹೇಳಬೇಕು. ಆಗ ಹಾಕಿಯಲ್ಲಿ ಬದಲಿ ಆಟಗಾರ ಎಂಬ ಪದ್ಧತಿ ಇರಲಿಲ್ಲ. ಒಬ್ಬ ಬಿದ್ದು ಹೊರಗೆ ಹೋದರೆ ಉಳಿದ ಹತ್ತು ಜನವೇ ಕೊನೆಯವರೆಗೆ ಆಡಬೇಕಿತ್ತು. ಆದ್ದರಿಂದ ಪದೇ ಪದೇ ಪೆಟ್ಟು ಮಾಡಿಕೊಳ್ಳುವ ಆಟಗಾರ ಎಷ್ಟೇ ಒಳ್ಳೆಯವನಾದರೂ ತಂಡಕ್ಕೆ ಭಾರ. ಬೊಂಬಾಯಿಯಲ್ಲಿ ವಾಸಣ್ಣನನ್ನು ಮೂರು ಸಲ ಮೈದಾನದಿಂದ ಹೊತ್ತುಕೊಂಡು ಹೊರಗೆ ತಂದರು. ಮೂರನೆಯ ಸಲ ಹೊರಗೆ ತಂದವರು ಮತ್ತೆ ಒಳಗೆ ಕರೆಯಲಿಲ್ಲ.

ಐವತ್ತರ ದಶಕದ ಕೊನೆಯಲ್ಲಿ ಅವನು ಬೊಂಬಾಯಿ ಮೇಲ್ ರೈಲಿನಲ್ಲಿ ಮದರಾಸಿಗೆ ಬಂದಿಳಿದ. ನಾನಾಗ ಕಾಲೇಜಿನಲ್ಲಿ ಓದುತ್ತ ದೊಡ್ಡಪ್ಪನ ಮಹಡಿಯಲ್ಲೇ ಇದ್ದೆ. ಅವನು ಊರುಗೋಲು ಹಿಡಿದು ಇಳಿದ ಹಾಗೆ ನನಗೆ ನೆನಪು. ಊರುಗೋಲು ಇರಲೇ ಇಲ್ಲ, ಹಾಕಿ ಸ್ಟಿಕ್ಕನ್ನೇ ಊರಿಕೊಂಡು ಇಳಿದ ಎಂದು ದೊಡ್ಡಮ್ಮ ಹೇಳುತ್ತಾರೆ. ಅವರ ಚಿತ್ರ ನನ್ನದಕ್ಕಿಂತ ಚೆನ್ನಾಗಿದೆ. ಚೆನ್ನಾಗಿರುವುದರಿಂದಲೇ ನನಗೆ ಅನುಮಾನ.

ಮದರಾಸಿನ ಡಾಕ್ಟರುಗಳು ಕೈಬಿಟ್ಟ ಮೇಲೆ ಆಂಧ್ರದ ಕಡೆಯ ಒಬ್ಬ ನಾಟಿ ವೈದ್ಯ ಬಂದು ಸೊಪ್ಪು ಅರೆದು ಕಟ್ಟು ಕಟ್ಟಿಹೋದ. ಕಾಲು ನೆಟ್ಟಗಾಗುತ್ತ ಬಂತು. ಎಲ್ಲರಿಗೂ ಸಂತೋಷ. ಒಂದು ದಿನ ನಾನು ನನ್ನ ವಿದ್ಯೆಯ ಚಪಲಕ್ಕೆ ಕಟ್ಟು ನೋಡಲು ಮತ್ತೆ ಬಂದ ಆ ವೈದ್ಯನನ್ನು, ಲೇಪ ಇಷ್ಟು ಗಟ್ಟಿಯಾಗುವುದು ಹೇಗೆ ಎಂದು ಕೇಳಿಬಿಟ್ಟೆ. "ಮೊಟ್ಟೆಯ ಬಿಳಿ, ಸ್ವಾಮೀ" ಎಂದ. ಅಜ್ಜಿ ಅಲ್ಲೇ ತುಳಸಿ ಬಿಡಿಸುತ್ತ ಕೂತಿದ್ದಳು.

ಆವತ್ತಿನಿಂದ ವಾಸಣ್ಣನ ಬಲಗಾಲಿಗೆ ಮನೆಯಲ್ಲಿ ಬೇರೆ ಕಾನೂನು ಬಂತು. "ಹುಡುಗ ನಮ್ಮವನೇ. ಆ ಕಾಲು ಮಾತ್ರ ಅಡುಗೆಮನೆ ಹೊಸ್ತಿಲು ದಾಟುವುದು ಬೇಡ" ಎಂದಳು ಅಜ್ಜಿ. ವಾಸಣ್ಣ ಊಟಕ್ಕೆ ಹೊಸ್ತಿಲ ಮೇಲೆ ಓರೆಯಾಗಿ ಕೂತು, ಉಳಿದ ದೇಹವನ್ನು ಒಳಗಿಟ್ಟು, ಬಲಗಾಲನ್ನು ಹೊರಗೆ ಚಾಚಿಕೊಳ್ಳುತ್ತಿದ್ದ.

"ಅಜ್ಜಿ, ಕಾಲು ಕೇಳ್ತಾ ಉಂಟು, ಅದಕ್ಕೂ ಸ್ವಲ್ಪ ಪಾಯಸ ಬೇಕಂತೆ."

"ಮೊಟ್ಟೆ ತಿಂದದ್ದಕ್ಕೆ ಪಾಯಸ ಎಂತಕ್ಕೆ? ಮುಚ್ಚಿಕೊಂಡು ಉಣ್ಣು ಮಗಾ."

ಮಡಿ ಮೈಲಿಗೆಯನ್ನೆಲ್ಲ ನಂಬದ ನಾನು ಈ ವಿಷಯದಲ್ಲಿ ಅಜ್ಜಿಯ ಜೊತೆ ತರ್ಕಕ್ಕೆ ಇಳಿದೆ. ಮೊಟ್ಟೆ ಚರ್ಮದ ಹೊರಗಿದೆ, ಕಾಲು ಚರ್ಮದ ಒಳಗಿದೆ, ಎರಡಕ್ಕೂ ಸಂಬಂಧ ಎಲ್ಲಿ ಎಂದೆ. ಅಜ್ಜಿ ನನ್ನ ತಟ್ಟೆಗೂ ಪಾಯಸ ಹಾಕಲಿಲ್ಲ.

ಕಟ್ಟು ಬಿಚ್ಚಿದ ಮೇಲೆ ದೊಡ್ಡಪ್ಪ ಮಗನನ್ನು ಹೋಟೆಲಿನಲ್ಲಿ ಗಿರಾಕಿಗಳು ಕೂರುವ ಹಾಲಿನ ಮೇಲ್ವಿಚಾರಣೆಗೆ ನಿಲ್ಲಿಸಿದರು. "ಇನ್ನು ಕೋಲು ಹಿಡಿದು ಕುಣಿದದ್ದು ಸಾಕು. ಮೂವತ್ತಾಯಿತು ನಿಂಗೆ" ಎಂದರು. ಊರಿನ ದೊಡ್ಡ ತಂಡಗಳ ಬಾಗಿಲನ್ನೆಲ್ಲ ವಾಸಣ್ಣ ಆಗಲೇ ಗುಟ್ಟಾಗಿ ತಟ್ಟಿ ನೋಡಿ ಬಂದಿದ್ದ. ಎಲ್ಲರೂ ಕಾಫಿ ಕೊಟ್ಟರು, ಹಳೆಯ ಆಟಗಳನ್ನು ನೆನೆದು ಹೊಗಳಿದರು, ಮೊಣಕಾಲಿನ ಕಡೆ ಒಮ್ಮೆ ನೋಡಿ ಬೀಳ್ಕೊಟ್ಟರು.

ಉಳಿದದ್ದು ನಮ್ಮ ತಂಡ. ನಮ್ಮ ಬೀದಿಯ ಹೋಟೆಲುಗಳ ಸಪ್ಲೈಯರುಗಳು, ಕಾಫಿ ಹಾಕುವವರು, ನನ್ನಂಥ ಒಬ್ಬಿಬ್ಬರು ವಿದ್ಯಾರ್ಥಿಗಳು ಸೇರಿ ಕಟ್ಟಿಕೊಂಡದ್ದು. ಅಜ್ಜಿ ಅದಕ್ಕೆ ಪ್ರಾಣದೇವರ ಹೆಸರು ಇಡಿಸಿದ್ದಳು. ಲೀಗಿನವರು ಮಾತ್ರ 'ಹೋಟೆಲ್ ಟೀಮು' ಎಂದೇ ಕರೆಯುತ್ತಿದ್ದರು. ನಾನು ಗೋಲ್‌ಕೀಪರ್. ಆಯ್ಕೆಗೆ ಕಾರಣ ನನ್ನ ಚುರುಕಲ್ಲ. ಇದ್ದ ಒಂದು ಜೊತೆ ಪ್ಯಾಡು ನನ್ನ ಕಾಲಿಗೆ ಸರಿಯಾಗಿ ಕೂತಿತು, ಅಷ್ಟೆ. ಚೆಂಡು ಎಡಕ್ಕೆ ಬರುತ್ತದೆಂದು ಖಚಿತವಾಗುವ ತನಕ ಎಡಕ್ಕೆ ಬೀಳುವುದು ನನ್ನ ಬುದ್ಧಿಗೆ ಒಪ್ಪುತ್ತಿರಲಿಲ್ಲ. ಖಚಿತವಾಗುವಷ್ಟರಲ್ಲಿ ಚೆಂಡು ಬಲೆಯಲ್ಲಿರುತ್ತಿತ್ತು.

ನಮ್ಮ ನಾಯಕ ಸುಬ್ರಾಯ. ದೊಡ್ಡಪ್ಪನ ಹೋಟೆಲಿನಲ್ಲಿ ಕಾಫಿಯ ಜಾಗ ಅವನದು. ಒಂದು ಮಧ್ಯಾಹ್ನ ಅವನು ಫಿಲ್ಟರಿನ ಹಿಂದಿನಿಂದಲೇ ವಾಸಣ್ಣನನ್ನು ಕರೆದ.

"ವಾಸಣ್ಣ, ನಮಗೆ ಹನ್ನೊಂದು ಜನ ಕೂಡುವುದೇ ಕಷ್ಟ. ನೀವು ಬಂದ್ರೆ ಬನ್ನಿ. ಆದ್ರೆ ಮುಖದ ಮೇಲೆ ಹೇಳ್ತೇನೆ, ಬೇಸರ ಮಾಡ್ಬಾರ್ದು."

"ಹೇಳು ಮಾರಾಯ."

"ಇನ್ನೊಂದು ಸಲ ನಿಮ್ಮನ್ನ ಹೊತ್ತುಕೊಂಡು ಹೊರಗೆ ತಂದ್ರೆ, ಅಲ್ಲಿಗೆ ಮುಗೀತು. ಹತ್ತು ಜನರಲ್ಲಿ ಆಡ್ಲಿಕ್ಕೆ ನಮ್ಮಿಂದ ಆಗುವುದಿಲ್ಲ."

ವಾಸಣ್ಣ ಒಂದು ಲೋಟ ಕಾಫಿ ಎತ್ತಿಕೊಂಡು, "ಒಪ್ಪಿದೆ" ಎಂದ. ಲೋಟ ಸ್ವಲ್ಪ ನಡುಗುತ್ತಿತ್ತು ಎಂದು ಬರೆಯಲು ಆಸೆಯಾಗುತ್ತದೆ. ನಡುಗಿತೋ ಇಲ್ಲವೋ ಗೊತ್ತಿಲ್ಲ.

ಊರಿನ ತಂಡಗಳೆಲ್ಲ ಸಂಜೆಯ ತಂಪಿನಲ್ಲಿ ಅಭ್ಯಾಸ ಮಾಡಿದರೆ ನಾವು ಮಾಡುತ್ತಿದ್ದುದು ಮಧ್ಯಾಹ್ನದ ಊಟ ಮುಗಿದು ಸಂಜೆಯ ತಿಂಡಿ ಶುರುವಾಗುವ ನಡುವಿನ ಹೊತ್ತಿನಲ್ಲಿ. ಹೋಟೆಲಿನವರಿಗೆ ಬಿಡುವು ಆಗಲೇ. ಕೋಟೆಯ ಆಚೆಯ ಐಲ್ಯಾಂಡ್ ಮೈದಾನದಲ್ಲಿ ಆ ಹೊತ್ತಿಗೆ ನಾಯಿಗಳೂ ಇರುತ್ತಿರಲಿಲ್ಲ. ಅಲ್ಲಿ ವಾಸಣ್ಣ ಬೊಂಬಾಯಿಯ ಇಂಗ್ಲಿಷಿನಲ್ಲಿ "ಕವರ್!", "ಮಾರ್ಕ್ ಹಿಮ್!" ಎಂದು ಕೂಗಿದರೆ ಯಾರೂ ಅಲುಗಾಡುತ್ತಿರಲಿಲ್ಲ. ಅವನ ಜೊತೆಯ ಇನ್ನೊಬ್ಬ ಫುಲ್ ಬ್ಯಾಕ್ ಗೋಪಾಲ, ಒಂದು ತೋಳಿನ ಮೇಲೆ ದೋಸೆಯ ಪ್ಲೇಟುಗಳನ್ನು ಮೊಣಕೈವರೆಗೆ ಜೋಡಿಸಿಕೊಂಡು ಹೋಗುವ ಸಪ್ಲೈಯರ್. ಅವನು ಮೈದಾನದ ನಡುವೆ ನಿಂತು, ಯಾರನ್ನೋ ಬೈಯುತ್ತಿದ್ದಾರೆ ಎಂಬ ಮುಖ ಮಾಡಿಕೊಂಡು ಹಿಂದೆ ತಿರುಗಿ ನೋಡುತ್ತಿದ್ದ.

ಕೊನೆಗೆ ಒಂದು ದಿನ ವಾಸಣ್ಣನಿಗೆ ತಾಳ್ಮೆ ತಪ್ಪಿ ಹೋಟೆಲಿನ ಗಂಟಲು ಹೊರಟಿತು. "ಲೇ ಗೋಪಾಲಾ, ಏಳನೇ ಟೇಬಲ್ ನೋಡಾ!"

ಗೋಪಾಲ ಯೋಚನೆಯನ್ನೇ ಮಾಡದೆ ಎಡಕ್ಕೆ ಎಂಟು ಹತ್ತು ಹೆಜ್ಜೆ ಹಾರಿ, ಎದುರಿನವನ ಕೋಲಿನಿಂದ ಚೆಂಡು ಕಿತ್ತುಕೊಂಡ. ಗೋಲನ್ನು ಅಡುಗೆಮನೆಯ ಬಾಗಿಲು ಎಂದುಕೊಂಡರೆ ಏಳನೇ ಟೇಬಲ್ ಇರಬೇಕಾದದ್ದು ಸರಿಯಾಗಿ ಅಲ್ಲೇ. ಸುಬ್ರಾಯ, "ಹಾಗಾದ್ರೆ ಮೂರನೇ ಟೇಬಲ್ ಎಲ್ಲಿ?" ಎಂದ. ಇಡೀ ತಂಡ ಒಟ್ಟಿಗೆ ಒಂದೇ ಕಡೆಗೆ ಕೈ ತೋರಿಸಿತು.

ಹೀಗೆ ನಮ್ಮ ಮೈದಾನ ಹೋಟೆಲಾಯಿತು. ವಾಸಣ್ಣ ಓಡುವುದನ್ನು ಬಿಟ್ಟುಬಿಟ್ಟ. ಓಡುವ ಕಾಲು ಹೋಗಿತ್ತು, ನೋಡುವ ಕಣ್ಣು ಉಳಿದಿತ್ತು. ಗಿರಾಕಿಗಳಲ್ಲಿ ಯಾರು ಈಗ ಏಳುತ್ತಾರೆ, ಯಾರು ಇನ್ನೊಂದು ಕಾಫಿ ಹೇಳುತ್ತಾರೆ ಎಂದು ಹಾಲಿನ ನಡುವೆ ನಿಂತು ಅಂದಾಜು ಮಾಡುವ ಹಾಗೆಯೇ ಎದುರು ತಂಡದ ಐದು ಫಾರ್ವರ್ಡುಗಳನ್ನೂ ನೋಡುತ್ತಿದ್ದ. ಅವನು ಟೇಬಲ್ ನಂಬರು ಕೂಗುತ್ತಿದ್ದ, ಉಳಿದವರು ಹೋಗುತ್ತಿದ್ದರು. ಗಿರಾಕಿ ಯಾರೇ ಆಗಲಿ ಅಡುಗೆಮನೆಯೊಳಗೆ ಕಾಲಿಡಬಾರದು ಎಂಬುದು ನಮ್ಮ ಹೋಟೆಲುಗಳ ಹಳೆಯ ಕಾಯಿದೆ. ಅದರ ಹಿಂದಿನ ಮಡಿಯ ಲೆಕ್ಕಾಚಾರ ನನಗೆ ಆಗಲೂ ಹಿಡಿಸುತ್ತಿರಲಿಲ್ಲ. ಆದರೆ ಗೋಲ್‌ಕೀಪರ್ ಆಗಿ ಆ ವರ್ಷ ನಾನು ಅದರ ನೆರಳಿನಲ್ಲಿ ಸುಖವಾಗಿದ್ದೆ. ಲೀಗಿನಲ್ಲಿ ನಾವು ಸೋಲುವುದನ್ನು ಮರೆತೆವು. ಕೊನೆಯ ಆಟ ಗೆದ್ದರೆ ಮೇಲಿನ ಡಿವಿಷನ್ನು. ಎದುರಾಳಿ ಬಂದರಿನ ಕಚೇರಿಯವರ ಒಂದು ತಂಡ. ಅವರ ಸೆಂಟರ್ ಫಾರ್ವರ್ಡ್ ಕೆಂಚು ಕೂದಲಿನ ಆರಡಿ ಆಳು. ನಮ್ಮವರು ಅವನಿಗೆ ಕೆಂಪಣ್ಣ ಎಂದು ಹೆಸರಿಟ್ಟಿದ್ದರು.

ಆ ಆಟಕ್ಕೆ ಒಂದು ವಾರ ಇರುವಾಗ ದೊಡ್ಡಪ್ಪ ಹೋಟೆಲಿಗೆ ಸುಣ್ಣ ಹೊಡೆಸಿ, ಟೇಬಲುಗಳ ನಂಬರು ಬದಲಾಯಿಸಿದರು. ಅದುವರೆಗೆ ಒಂದನೆಯದು ಅಡುಗೆಮನೆಯ ಬಾಗಿಲ ಪಕ್ಕದಲ್ಲಿತ್ತು. ಒಳಗೆ ಬಂದ ಗಿರಾಕಿಗೆ ಮೊದಲು ಕಾಣುವುದು ಹನ್ನೆರಡು ಆಗುವುದು ಯಾವ ನ್ಯಾಯ ಎಂದು ಅವರಿಗೆ ಇದ್ದಕ್ಕಿದ್ದಂತೆ ಅನ್ನಿಸಿತಂತೆ. ಬೀದಿಯ ಬಾಗಿಲಿನದು ಒಂದಾಯಿತು, ಅಡುಗೆಮನೆಯ ಪಕ್ಕದ್ದು ಹನ್ನೆರಡಾಯಿತು. ವಾಸಣ್ಣ ವಾರವಿಡೀ ಹಾಲಿನಲ್ಲಿ ನಿಂತು ಹೊಸ ನಂಬರನ್ನು ಎಲ್ಲರ ಬಾಯಿಗೆ ಕೂರಿಸಿದ. ಗೋಪಾಲ ಮಾತ್ರ ಆ ವಾರ ತಂಗಿಯ ಮದುವೆಗೆಂದು ಊರಿಗೆ ಹೋಗಿದ್ದ. ಆಟದ ದಿನ ರೈಲಿಳಿದು ನೇರವಾಗಿ ಮೈದಾನಕ್ಕೆ ಬಂದ. ಅವನಿಗೆ ನಂಬರಿನ ವಿಷಯ ಹೇಳಬೇಕೆಂದು ಯಾರಿಗೂ ಹೊಳೆಯಲಿಲ್ಲ.

ಆಟ ಶುರುವಾಗಿ ಸ್ವಲ್ಪ ಹೊತ್ತಿಗೆ ಕೆಂಪಣ್ಣ ದೂರದ ಎಡಗಡೆಯಿಂದ ಚೆಂಡು ಹಿಡಿದು ಹೊರಟ. ವಾಸಣ್ಣ "ಗೋಪಾಲಾ, ಮೂರು!" ಎಂದು ಕೂಗಿದ. ಹೊಸ ಲೆಕ್ಕದಲ್ಲಿ ಅದು ಬೀದಿಯ ಬಾಗಿಲ ಕಡೆ, ಅಂದರೆ ಸರಿಯಾಗಿ ಕೆಂಪಣ್ಣ ಇದ್ದ ಜಾಗ. ಗೋಪಾಲ ಹಿಂದೆ ತಿರುಗಿ ಓಡಿಬಂದು ನನ್ನ ಮಗ್ಗುಲಲ್ಲಿ ನಿಂತ. ಹಳೆಯ ಮೂರು ಅಲ್ಲೇ ಇದ್ದದ್ದು.

"ಇಲ್ಲಿ ಯಾರೂ ಇಲ್ವಲ್ಲ ಮಾರಾಯ?" ಎಂದ.

"ಅಲ್ಲಿ ಇದ್ದಾನಲ್ಲ!" ಎಂದೆ ನಾನು. ನಮ್ಮ ಮಾತುಕತೆಯ ನಡುವಿನಿಂದ ಚೆಂಡು ಗೋಲಿಗೆ ಹೋಯಿತು.

ಅರ್ಧ ಆಟದ ವಿರಾಮದಲ್ಲಿ ದೊಡ್ಡಪ್ಪ ಮಜ್ಜಿಗೆಯ ಡ್ರಮ್ಮು ತಂದಿಳಿಸಿದರು. ಎಲ್ಲರೂ ಅವರ ಮೇಲೆ ಬಿದ್ದರು.

"ನಂಬರ್ ಬದಲಾಯಿಸ್ಲಿಕ್ಕೆ ನಿಮಗೆ ಇದೇ ವಾರ ಬೇಕಿತ್ತಾ ಧಣಿ?" ಎಂದ ಸುಬ್ರಾಯ.

"ನನ್ನ ಹೋಟೆಲು, ನನ್ನ ಟೇಬಲು. ನೀವು ಅದನ್ನ ಹೊತ್ತುಕೊಂಡು ಹೋಗಿ ಮೈದಾನದಲ್ಲಿ ಹಾಕಿದ್ದು ನನಗೇನು ಗೊತ್ತು?"

"ನಾನು ಹಳೇದರಲ್ಲೇ ಇರ್ತೇನೆ, ಹೊಸತು ಈಗ ಕಲೀಲಿಕ್ಕೆ ಆಗುದಿಲ್ಲ" ಎಂದ ಗೋಪಾಲ, ಅಳುವ ದನಿಯಲ್ಲಿ.

ವಾಸಣ್ಣ ನೆಲದ ಮೇಲೆ ಕೂತು ಮೊಣಕಾಲಿನ ಪಟ್ಟಿ ಬಿಚ್ಚಿ ಮತ್ತೆ ಸುತ್ತುತ್ತಿದ್ದ. ಅವನ ಕಣ್ಣು ಮೈದಾನದ ಅಂಚಿನಲ್ಲಿತ್ತು. ಅಲ್ಲಿ ನಮ್ಮ ಹೋಟೆಲಿನ ಖಾಯಂ ಗಿರಾಕಿಗಳು ಸಾಲಾಗಿ ನಿಂತಿದ್ದರು. ತಿಂಡಿ ಹಾಕುವವರೆಲ್ಲ ಮೈದಾನದಲ್ಲಿದ್ದ ಮೇಲೆ ಅವರು ತಾನೇ ಎಲ್ಲಿಗೆ ಹೋಗಬೇಕು?

"ನಂಬರ್ ಬಿಡಿ" ಎಂದ ವಾಸಣ್ಣ. "ಅಪ್ಪ ನಂಬರ್ ಬದಲಾಯಿಸ್ಬಹುದು. ಗಿರಾಕಿಯನ್ನ ಬದಲಾಯಿಸ್ಲಿಕ್ಕೆ ಅವರಿಂದಾಗ್ತದಾ? ಅಯ್ಯರ್ ಎಲ್ಲಿ ಕೂರುದು?"

"ಅಡುಗೆಮನೆ ಬಾಗಿಲ ಪಕ್ಕ. ಇಡ್ಲಿ ಬಿಸಿ ಬೇಕಲ್ಲ" ಎಂದ ಗೋಪಾಲ.

"ಸೇಟು?"

"ನಡುವೆ, ಫ್ಯಾನಿನ ಕೆಳಗೆ."

"ಗುಮಾಸ್ತರು?"

"ಬೀದಿ ಬಾಗಿಲಲ್ಲಿ, ಬಲಗಡೆ. ಕೋರ್ಟಿಗೆ ಓಡ್ಬೇಕಲ್ಲ."

"ಹಾಂ. ಅಷ್ಟೇ. ಏಳಿ."

ವಿರಾಮದ ನಂತರದ ಆಟವನ್ನು ನಾನು ಎಷ್ಟೋ ಸಲ ಹೇಳಿದ್ದೇನೆ. ಹೇಳಿ ಹೇಳಿ ಯಾವುದು ನಡೆದದ್ದು, ಯಾವುದು ನಾನು ಹೊಳಪು ಕೊಟ್ಟದ್ದು ಎಂಬ ಗೆರೆ ಅಳಿಸಿಹೋಗಿದೆ. ಆವತ್ತು ನಮ್ಮ ಬನಿಯನ್ನುಗಳಿಗೆ ನೀಲಿ ಬಣ್ಣ ಅದ್ದಿದ್ದರು ಎಂದು ನಾನು, ಹಸಿರು ಎಂದು ಸುಬ್ರಾಯ. ಆದರೆ ಒಂದು ವಿಷಯದಲ್ಲಿ ನಮ್ಮಿಬ್ಬರಿಗೂ ಜಗಳವಿಲ್ಲ. ವಾಸಣ್ಣ ಮೊದಲ ಸಲ "ಅಯ್ಯರ್!" ಎಂದು ಗುಡುಗಿದಾಗ ಗೋಪಾಲ ಕೆಂಪಣ್ಣನಿಗಿಂತ ಮೊದಲೇ ಅಲ್ಲಿಗೆ ತಲುಪಿದ್ದ. ಜೊತೆಗೆ, ಅಂಚಿನಲ್ಲಿ ನಿಂತಿದ್ದ ಟೈಪ್‌ರೈಟಿಂಗ್ ಇನ್‌ಸ್ಟಿಟ್ಯೂಟಿನ ನಿಜವಾದ ಅಯ್ಯರ್, "ಎನ್ನಪ್ಪಾ, ಎನ್ನೈಯಾ ಕೂಪ್ಟೆ?" ಎನ್ನುತ್ತ, ತನ್ನನ್ನೇ ಕರೆದರೆಂದು ಗೆರೆ ದಾಟಿ ಒಳಗೆ ಬಂದಿದ್ದರು. ಅಂಪೈರು ಅವರನ್ನು ಹೊರಗೆ ಕಳಿಸಲು ಸೀಟಿ ಊದಬೇಕಾಯಿತು.

ಅಲ್ಲಿಂದ ಎಲ್ಲ ಸರಿಹೋಯಿತು. "ಸೇಟು!" ಎಂದರೆ ಸುಬ್ರಾಯ ನಡುವೆ ಮುಚ್ಚಿದ. ಹಾಗೆ ಕಿತ್ತುಕೊಂಡ ಒಂದು ಚೆಂಡನ್ನು ಅವನೇ ಮುಂದೆ ಹೊತ್ತೊಯ್ದು ಗೋಲು ಹೊಡೆದು ಸಮ ಮಾಡಿದ. ಆಮೇಲೆ ವಾಸಣ್ಣ "ಗುಮಾಸ್ತರೇ!" ಎಂದು ಕೂಗಿ ನಿಂತಲ್ಲಿಂದಲೇ ಬಲಗಡೆಯ ತುದಿಗೆ ಒಂದು ಉದ್ದನೆಯ ಹೊಡೆತ ಹೊಡೆದ. ನಮ್ಮ ರೈಟ್ ವಿಂಗ್, ಮಜ್ಜಿಗೆ ಹುಳಿ ಬಡಿಸುವ ಸಣ್ಣ ಆಳು, ನೋಡದೆಯೇ ಅಲ್ಲಿಗೆ ಓಡಿದ್ದ. ಅವನು ಒಳಕ್ಕೆ ತಳ್ಳಿದ ಚೆಂಡು ಯಾರದೋ ಕೋಲಿಗೆ ತಾಗಿ ಒಳಗೆ ಹೋಯಿತು. ಯಾರ ಕೋಲು ಎಂಬುದರ ಬಗ್ಗೆ ಹೋಟೆಲಿನಲ್ಲಿ ಇವತ್ತಿಗೂ ನಾಲ್ಕು ಜನ ಹಕ್ಕುದಾರರಿದ್ದಾರೆ.

ಎರಡಕ್ಕೆ ಒಂದು. ಇನ್ನೇನು ಮುಗಿಯಿತು ಎನ್ನುವಾಗ ಕೆಂಪಣ್ಣನೂ ವಾಸಣ್ಣನೂ ನನ್ನ ಎದುರಿಗೇ ಒಬ್ಬರಿಗೊಬ್ಬರು ಢಿಕ್ಕಿ ಹೊಡೆದರು. ಕೆಂಪಣ್ಣ ಎದ್ದ. ವಾಸಣ್ಣ ಏಳಲಿಲ್ಲ.

ಅಂಚಿನಲ್ಲಿ ದೊಡ್ಡಪ್ಪ ಪಂಚೆ ಎತ್ತಿ ಕಟ್ಟಿಕೊಂಡು ಹೊರಟದ್ದು ಕಾಣಿಸಿತು. ಸುಬ್ರಾಯ, ಗೋಪಾಲ ಓಡಿಬಂದು ಎತ್ತಲು ಬಗ್ಗಿದರು. ವಾಸಣ್ಣ ಹುಲ್ಲಿಗೆ ಮುಖವಿಟ್ಟುಕೊಂಡೇ, "ಯಾರೂ ಮುಟ್ಬೇಡಿ" ಎಂದ. ಜೋರಾಗಿಯೇನೂ ಹೇಳಲಿಲ್ಲ.

"ವಾಸಣ್ಣ, ಕಾಲು..."

"ಮುಟ್ಬೇಡಿ ಅಂದ್ನಲ್ಲ. ಹಿಂದೆ ಹೋಗಿ."

ಮೊದಲು ಅಂಗೈ ಊರಿದ, ಆಮೇಲೆ ಎಡ ಮಂಡಿ. ಬಲಗಾಲನ್ನು ತನ್ನ ಕೆಳಗೆ ಎಳೆದುಕೊಂಡು, ಅದರ ಮೇಲೆ ಭಾರ ಬಿಟ್ಟು ನೋಡಿದ. ಬೆವರು ಮೂಗಿನ ತುದಿಯಿಂದ ಇಳಿಯುತ್ತಿತ್ತು. ನಿಂತ. ಅಂಪೈರು "ಆಡುತ್ತೀಯಾ?" ಎಂದು ಕೇಳಿದ್ದಕ್ಕೆ ತಲೆಯಾಡಿಸಿದ.

ಕೊನೆಯ ಗಳಿಗೆಯಲ್ಲಿ ಕೆಂಪಣ್ಣ ಇನ್ನೊಮ್ಮೆ ನುಗ್ಗಿದ. ಈ ಸಲ ನಾನು ಸಂಶಯವನ್ನೆಲ್ಲ ಬದಿಗಿಟ್ಟು ಗೋಲು ಬಿಟ್ಟು ಮುಂದಕ್ಕೆ ಹಾರಿದೆ. ಜೀವನದಲ್ಲಿ ಒಂದೇ ಒಂದು ಸಲ ನಾನು ಖಚಿತವಾಗಿದ್ದದ್ದು, ಅದೂ ತಪ್ಪಾಗಿತ್ತು. ಅವನು ನನ್ನನ್ನು ಬಳಸಿ ಹೋಗಿ ಖಾಲಿ ಗೋಲಿಗೆ ಹೊಡೆದ. ನಾನು ನೆಲದ ಮೇಲಿನಿಂದ ತಿರುಗಿ ನೋಡಿದರೆ ಕಂಬದ ಪಕ್ಕದಲ್ಲಿ, ಅಯ್ಯರ್ ಕೂರುವ ಜಾಗದಲ್ಲಿ, ವಾಸಣ್ಣ ಕೋಲನ್ನು ನೆಲಕ್ಕೆ ಒತ್ತಿ ನಿಂತಿದ್ದ. ಯಾವಾಗ ಅಲ್ಲಿಗೆ ಬಂದನೋ ನನಗೆ ತಿಳಿಯದು. ಚೆಂಡು ಟಪ್ಪೆಂದು ಕೋಲಿಗೆ ಬಡಿದು ಅಲ್ಲೇ ಬಿತ್ತು. ಅವನು ಅದನ್ನು ನಿಧಾನವಾಗಿ ಹೊರಗೆ ತಳ್ಳಿದ, ಯಾರೋ ಮರೆತುಹೋದ ಲೋಟವನ್ನು ಟೇಬಲ್ಲಿನ ಮೇಲಿನಿಂದ ಸರಿಸುವವನ ಹಾಗೆ. ಆಟ ಮುಗಿದ ಸೀಟಿ ಕೇಳಿಸಿತು.

ಹುಡುಗರೆಲ್ಲ ಕಿರುಚಿಕೊಂಡು ಓಡಿಬಂದರು. ಗೋಪಾಲ ಆಗಲೇ ಅವನ ತೊಡೆಗೆ ಕೈ ಹಾಕಿ, "ಎತ್ತ್ರೋ, ಹೆಗಲ ಮೇಲೆ ಎತ್ತ್ರೋ!" ಎನ್ನುತ್ತಿದ್ದ.

ವಾಸಣ್ಣ ಕೋಲನ್ನು ಅಡ್ಡ ಹಿಡಿದ. "ಕೈ ತೆಗೀರಿ. ಇಷ್ಟು ವರ್ಷ ಹೊತ್ತದ್ದು ಸಾಕು. ಇವತ್ತು ನಾನು ನಡೀತೇನೆ."

ಗೋಪಾಲ ಬಿಸಿ ಪಾತ್ರೆ ಮುಟ್ಟಿದವನಂತೆ ಕೈ ಹಿಂದಕ್ಕೆ ತೆಗೆದುಕೊಂಡ. ವಾಸಣ್ಣ ಹತ್ತಿರದ ಅಂಚಿಗೆ ಹೋಗಲಿಲ್ಲ. ಒಂದು ಗೋಲಿನಿಂದ ಇನ್ನೊಂದು ಗೋಲಿನವರೆಗೆ, ಮೈದಾನದ ಇಡೀ ಉದ್ದಕ್ಕೂ ಕುಂಟುತ್ತ ನಡೆದ. ಅವನ ಹಿಂದೆ ನಾವು ಹತ್ತು ಜನ ಅದೇ ನಿಧಾನದಲ್ಲಿ. ಆ ತುದಿಯಲ್ಲಿ ದೊಡ್ಡಪ್ಪ ಮಗನ ತೋಳು ಹಿಡಿಯಲು ಕೈ ಚಾಚಿದವರು, ಏನೋ ನೆನಪಾದವರಂತೆ ಹಿಂದಕ್ಕೆಳೆದುಕೊಂಡರು.

"ರಿಕ್ಷಾ ಕರೆಸ್ಲಾ?" ಎಂದರು.

"ಬೇಡ ಅಪ್ಪ. ಹೋಟೆಲೇನು ದೂರವಾ? ನಡ್ಕೊಂಡೇ ಹೋಗುವ."

"ಸರಿ, ಬಾ" ಎಂದು ಅವರು ಮಗನ ಪಕ್ಕದಲ್ಲಿ ಹೆಜ್ಜೆ ಹಾಕಿದರು. ಸುಬ್ರಾಯ ಅತ್ತ ಕಡೆಯಿಂದ ಬಂದು, "ಬರುವ ವರ್ಷ ಮೇಲಿನ ಡಿವಿಷನ್ನು ವಾಸಣ್ಣ, ಹಾಲಿನ ಡ್ಯೂಟಿ ಸ್ವಲ್ಪ ಕಡಿಮೆ ಮಾಡಿಸಿಕೊಳ್ಳಿ" ಎಂದ. ಅವರ ಹಿಂದೆ ನೀಲಿಯೋ ಹಸಿರೋ ಬನಿಯನ್ನಿನ ನಾವು, ನಮ್ಮ ಹಿಂದೆ ಹಸಿದ ಅಯ್ಯರ್, ಸೇಟು, ಗುಮಾಸ್ತರು, ಮಜ್ಜಿಗೆಯ ಖಾಲಿ ಡ್ರಮ್ಮು. ಕೋಟೆಯ ಪಕ್ಕದ ರಸ್ತೆಯುದ್ದಕ್ಕೂ ಒಬ್ಬರೂ ವಾಸಣ್ಣನನ್ನು ದಾಟಿ ಮುಂದೆ ಹೋಗಲಿಲ್ಲ. ಹಿಂದೆ ಹಾರ್ನಿನ ಮೇಲೆ ಹಾರ್ನು. ಯಾರೂ ದಾರಿ ಬಿಡಲಿಲ್ಲ. ಆ ಸಂಜೆ ಪ್ಯಾರೀಸ್ ಕಾರ್ನರಿಗೆ ಹೋಗುವ ಬಸ್ಸುಗಳೆಲ್ಲ ವಾಸಣ್ಣನ ಮೊಣಕಾಲಿನ ವೇಗದಲ್ಲಿ ಹೋದವು.